ಎರಡನೇ ಪೆಟ್ಟು

ರುದ್ರೇಶ ನನ್ನನ್ನು ಮೊದಲು ನೋಡಿದಾಗ ಅವನ ಕೈಯಲ್ಲಿ ಸುತ್ತಿಗೆ ಇತ್ತು. ನನ್ನನ್ನು ನೋಡಿದ ಅನ್ನುವುದೂ ತಪ್ಪು, ಅವನು ನೋಡಿದ್ದು ನನ್ನ ಮೇಜನ್ನು. ಬಾಗಿಲು ಒದ್ದುಕೊಂಡು ಬಂದವನೇ, ನಾನು ಎಂಟು ತಿಂಗಳು ಕೂತು ಕಟ್ಟಿದ ಯಂತ್ರಕ್ಕೆ ನಾಲ್ಕು ಏಟು ಕೊಟ್ಟ. ಐದನೆಯದಕ್ಕೆ ಕೈ ಎತ್ತಿದಾಗ ನಾನು ಬಿಸಿಯಾಗಿದ್ದ ಸಾಲ್ಡರಿಂಗ್ ಐರನ್ ತೆಗೆದು ಅವನ ಮುಂಗೈಗೆ ಒತ್ತಿದೆ.

ಚರ್ಮ ಸುಟ್ಟ ವಾಸನೆ ಬಂತು. ಅವನು ಕೂಗಲಿಲ್ಲ. ಸುತ್ತಿಗೆ ಕೆಳಗಿಟ್ಟು ಆಗ ನನ್ನ ಮುಖ ನೋಡಿದ. ಕಣ್ಣಲ್ಲಿ ನೀರಿತ್ತು. ಅದು ಸುಟ್ಟಿದ್ದಕ್ಕೆ ಬಂದ ನೀರಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ಮಾತ್ರ, ಇಂಥ ಪಶುವಿಗೆ ಇಷ್ಟು ಚೆಂದದ ಕಣ್ಣು ಯಾಕೆ ಕೊಟ್ಟನೋ ದೇವರು ಅಂತ ನನ್ನ ಮೈಯೆಲ್ಲ ಉರಿಯಿತು.

“ಆ ಸದ್ದು ಇನ್ನೊಮ್ಮಿ ಮಾಡಬ್ಯಾಡ್ರಿ,” ಅಂದ. ಅಷ್ಟು ಹೇಳಿ ಹೊರಟುಹೋದ.

ಇದು ತೊಂಬತ್ತಾರನೇ ಇಸವಿಯ ಮಾತು. ಪೀಣ್ಯ ಎರಡನೇ ಹಂತದಲ್ಲಿ ಇರಣ್ಣ ಅನ್ನುವವರ ಹೂಟರ್ ಫ್ಯಾಕ್ಟರಿ. ಬೇರೆ ಫ್ಯಾಕ್ಟರಿಗಳಿಗೆ, ಬ್ಯಾಂಕುಗಳಿಗೆ ಬೇಕಾದ ಸೈರನ್ನುಗಳನ್ನು ನಾವು ಮಾಡುತ್ತಿದ್ದೆವು. ಕೆಳಗೆ ಪ್ರೆಸ್ ಶಾಪು, ಅಲ್ಲಿ ಐದು ಪವರ್ ಪ್ರೆಸ್ಸುಗಳು ತಗಡನ್ನು ಬಡಿದು ಹೂಟರಿನ ಬಾಯಿ ಮಾಡುತ್ತಿದ್ದವು. ಮೇಲೆ ಟೆಸ್ಟ್ ರೂಮು, ಅದರ ಒಡತಿ ನಾನು, ವೇಣಿ, ಡಿಪ್ಲೊಮಾ ಇನ್ ಎಲೆಕ್ಟ್ರಾನಿಕ್ಸ್. ಚಾವಣಿಯ ಮೇಲೆ ನಾಲ್ಕು ಬಾಯಿಯ ದೊಡ್ಡ ಹಾರ್ನು. ಅವತ್ತಿನ ಮಾಲನ್ನೆಲ್ಲ ದಿನಾ ಮೂರು ಗಂಟೆಗೆ ಅದರಲ್ಲಿ ಕೂಗಿಸಿ ನೋಡುವುದು ನನ್ನ ಕೆಲಸ. ಹಾಗಾಗಿ ನಮ್ಮ ರಸ್ತೆಯಲ್ಲಿ ಸೈರನ್ ಕೂಗಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಎದುರಿನ ಟೀ ಅಂಗಡಿಯ ರಾಮಾಂಜಿನಪ್ಪ ಮಾತ್ರ ವಾಚು ಸರಿ ಮಾಡಿಕೊಳ್ಳುತ್ತಿದ್ದ.

ಅವನು ಒಡೆದ ಯಂತ್ರಕ್ಕೆ ಸಿಂಥಸೈಜರ್ ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುವ ಕೀಬೋರ್ಡಿನ ಥರದ್ದಲ್ಲ. ಅವೆನ್ಯೂ ರಸ್ತೆಯಲ್ಲಿ ತೂಕಕ್ಕೆ ಕೊಂಡ, ರಟ್ಟಿಲ್ಲದ ಒಂದು ವಿದೇಶಿ ಪತ್ರಿಕೆಯಲ್ಲಿ ಅದರ ನಕ್ಷೆ ಇತ್ತು. ಸಾಲಾಗಿ ಸಣ್ಣ ಸಣ್ಣ ಡಬ್ಬಿಗಳು, ಒಂದೊಂದಕ್ಕೆ ಒಂದೊಂದು ಕೆಲಸ, ಅವುಗಳ ಮಧ್ಯೆ ಬೇಕಾದ ಹಾಗೆ ವೈರು ಚುಚ್ಚಿಕೊಳ್ಳಬೇಕು. ಕೆಲವು ಡಬ್ಬಿ ಸದ್ದು ಮಾಡುತ್ತವೆ. ನನಗೆ ಹುಚ್ಚು ಹಿಡಿಸಿದ್ದು ಉಳಿದವು. ಅವು ತಾವು ಒಂದು ಚೂರೂ ಕೇಳಿಸದೆ, ಸದ್ದು ಮಾಡುವವನನ್ನು ಹಿಂದೆ ನಿಂತು ಅಲುಗಾಡಿಸುತ್ತವೆ. ಅದಕ್ಕೆ ಮಾಡ್ಯುಲೇಶನ್ ಅಂತ ಹೆಸರು. ರಿಜೆಕ್ಟ್ ಆದ ಬೋರ್ಡುಗಳನ್ನು ಕಿತ್ತು, ಊಟದ ಹೊತ್ತಿನಲ್ಲಿ ಕೂತು, ಅಂಥ ಒಂಬತ್ತು ಡಬ್ಬಿ ಮಾಡಿದ್ದೆ.

ಅವತ್ತು ನಾನು ಮಾಡಿದ ತಪ್ಪೇನು ಅಂತ ಹೇಳಿದವನು ರಾಮಾಂಜಿನಪ್ಪ.

ಪವರ್ ಪ್ರೆಸ್ಸಿಗೆ ಒಂದು ಪೆಡಲ್ ಇರುತ್ತದೆ. ತುಳಿದರೆ ಒಂದು ಪೆಟ್ಟು. ಬಡಿದ ತಗಡು ತೆಗಿ, ಹೊಸದು ಇಡು, ಮತ್ತೆ ತುಳಿ. ಒಂದೇ ಪೆಟ್ಟಿಗೆ ತಡೆದು ನಿಲ್ಲಿಸುವ ಕ್ಲಚ್ಚಿನ ಪಿನ್ನು ಸವೆದಿದ್ದರೆ ಯಾವತ್ತೋ ಒಂದು ದಿನ ಪ್ರೆಸ್ಸು ಯಾರೂ ತುಳಿಯದೆ ಇನ್ನೊಂದು ಪೆಟ್ಟು ಹೊಡೆಯುತ್ತದೆ. ಆಗ ಕೈ ಒಳಗಿರುತ್ತದೆ. ಅದಕ್ಕೆ ಡಬಲ್ ಅನ್ನುತ್ತಾರೆ. ಡಬಲ್ ಕೇಳಿದರೆ ಪೀಣ್ಯದಲ್ಲಿ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಅಕ್ಕಪಕ್ಕದ ಶೆಡ್ಡಿನವರೂ ತಮ್ಮ ಮೆಷಿನ್ ಆಫ್ ಮಾಡಿ, ಕೈಗೆ ಸಿಕ್ಕ ಬಟ್ಟೆ ಹಿಡಿದು ಓಡುತ್ತಾರೆ. ಒಬ್ಬ ಆಟೋ ನಿಲ್ಲಿಸುತ್ತಾನೆ, ಇನ್ನೊಬ್ಬ ಬೆರಳು ಹುಡುಕುತ್ತಾನೆ.

ನಾನು ಪಕ್ಕದ ಚೊಕ್ಕಸಂದ್ರದಲ್ಲೇ ಹುಟ್ಟಿದವಳು. ಆದರೆ ಪ್ರೆಸ್ ಶಾಪಿನೊಳಗೆ ಕಾಲಿಟ್ಟವಳಲ್ಲ. ಆ ಸದ್ದು ಒಂದು ಸಲ ಗೋಡೆಯಾಚೆಯಿಂದ ಕೇಳಿತ್ತು. ಧಡ್, ಆಮೇಲೆ ರೆಪ್ಪೆ ಬಡಿಯುವಷ್ಟು ಹೊತ್ತು ಬಿಟ್ಟು ಇನ್ನೊಂದು ಧಡ್. ಹಿಂದೆಯೇ ರಸ್ತೆಯ ಮೆಷಿನ್ನುಗಳೆಲ್ಲ ನಿಂತವು, ಕರೆಂಟ್ ಹೋಯಿತೇನೋ ಅಂದುಕೊಂಡೆ. ತಾಳ ಚೆನ್ನಾಗಿದೆ ಅನ್ನಿಸಿತು. ಅದನ್ನೇ ಯಂತ್ರದಲ್ಲಿ ಮಾಡಿ, ಕಿಟಕಿ ತೆರೆದಿಟ್ಟು, ಸ್ಪೀಕರಿನಲ್ಲಿ ಹಾಕಿದ್ದೆ. ಕೆಳಗೆ ಐದು ಜನ ಓಡಾಡಿ ಯಾರ ಕೈ ಹೋಯಿತು ಅಂತ ಹುಡುಕಿದರಂತೆ. ರುದ್ರೇಶ ಕೆಲಸಕ್ಕೆ ಸೇರಿ ಆಗ ಮೂರೇ ದಿನ. ಎರಡು ವರ್ಷದ ಹಿಂದೆ ಬೇರೊಂದು ಶೆಡ್ಡಿನಲ್ಲಿ ಡಬಲ್ ಬಿದ್ದು ಅವನ ಎಡಗೈಯ ಎರಡು ಬೆರಳು ಹೋಗಿದ್ದವು.

ನನಗೆ ನಾಚಿಕೆಯಾಯಿತು. ಸಿಟ್ಟೂ ಇಳಿಯಲಿಲ್ಲ. ನನ್ನ ಎಂಟು ತಿಂಗಳು ನೆಲದ ಮೇಲೆ ಚೂರಾಗಿ ಬಿದ್ದಿತ್ತು.

ಮಾರನೇ ದಿನ ಊಟದ ಹೊತ್ತಿಗೆ ಅವನು ಬಂದ. ಮುಂಗೈಗೆ ಬಟ್ಟೆ ಸುತ್ತಿತ್ತು. ಸ್ಟೂಲ್ ಎಳೆದುಕೊಂಡು ಕೂತು, ಸೊಟ್ಟಗಾದ ತಗಡುಗಳನ್ನು ಒಂದೊಂದೇ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಸ್ಕೇಲ್ ಕೇಳಿದ. ಕೊಡಲ್ಲ ಅಂದೆ. ಹಾಗಾದರೆ ಬೆರಳಿನಲ್ಲೇ ಅಳೆಯುತ್ತೇನೆ, ಆದರೆ ಎರಡು ಕಮ್ಮಿ ಇವೆ, ಲೆಕ್ಕ ತಪ್ಪಿದರೆ ಬೈಯಬೇಡಿ ಅಂದ. ನಾನು ನಗಬಾರದು ಅಂತ ತುಟಿ ಕಚ್ಚಿದೆ. ಅವನು ಅದನ್ನು ನೋಡಿದ್ದು ನನಗೆ ಗೊತ್ತು, ಯಾಕೆಂದರೆ ಅವನ ಮೀಸೆಯ ಒಂದು ತುದಿ ಮಾತ್ರ ಮೇಲೆ ಹೋಯಿತು. ಸ್ಕೇಲ್ ಕೊಟ್ಟೆ.

ನಾಲ್ಕು ದಿನ ಕಳೆದ ಮೇಲೆ ಅವನು ಹೊಸ ಪ್ಯಾನೆಲ್ ತಂದ. ಅಲ್ಯೂಮಿನಿಯಂ ತಗಡು, ಅದರಲ್ಲಿ ನಲವತ್ತು ತೂತು, ಎಲ್ಲ ಒಂದೇ ಅಳತೆ, ಒಂದೇ ಸಾಲು. ಅಂಚಿಗೆ ಕೈ ಹಚ್ಚಿ ನೋಡಿದೆ. ಎಲ್ಲೂ ಚುಚ್ಚಲಿಲ್ಲ. ನನಗಾಗಿ ಪ್ರೆಸ್ಸಿಗೆ ಡೈ, ಅಂದರೆ ತೂತಿನ ಅಚ್ಚು, ಕೂರಿಸಿ, ಒಂದೊಂದು ತೂತಿನ ಅಂಚನ್ನೂ ಮರಳು ಕಾಗದದಲ್ಲಿ ಉಜ್ಜಿದ್ದ. ಹೂವು ಕೊಟ್ಟಿದ್ದರೆ ನಾನು ಇಷ್ಟು ಸೋಲುತ್ತಿರಲಿಲ್ಲ.

ಆಮೇಲೆ ದಿನಾ ಬರತೊಡಗಿದ. ಊರು ರಾಣೆಬೆನ್ನೂರು, ಅಪ್ಪ ಹೈಸ್ಕೂಲ್ ಮೇಷ್ಟ್ರು, ಅಕ್ಕ ಶೈಲಜಾ ಜಾಲಹಳ್ಳಿಯಲ್ಲಿ ಟೀಚರ್, ತಾನಿರುವುದು ಅವಳ ಮನೆಯಲ್ಲೇ, ಮನೆಯಲ್ಲಿ ಬೆಳಿಗ್ಗೆ ಸಂಜೆ ಲಿಂಗಪೂಜೆ, ಬೆಳ್ಳುಳ್ಳಿಯೂ ಕಮ್ಮಿ ಅಂತೆಲ್ಲ ಹೇಳಿದ. ನಮ್ಮ ಮನೆಯಲ್ಲಿ ಭಾನುವಾರ ಬಂತೆಂದರೆ ನಾಟಿ ಕೋಳಿ. ನಾನು ಅದನ್ನೇ ಹೇಳಿ ಕಾಡಿಸುತ್ತಿದ್ದೆ. ಅವನು ವಾಸನೆಗೆ ತೊಂದರೆ ಇಲ್ಲ, ನಿಮ್ಮ ಸಾಲ್ಡರ್ ಹೊಗೆ ಕುಡಿದು ಬದುಕಿದ್ದೇನೆ ಅನ್ನುತ್ತಿದ್ದ.

ಒಂದೊಂದು ಡಬ್ಬಿ ಸರಿಹೋದಂತೆ ಅದೇನು ಮಾಡುತ್ತದೆ ಅಂತ ಕೇಳುತ್ತಿದ್ದ. ಒಂದು ಡಬ್ಬಿ ಕೊಡುವುದು ಬಹಳ ನಿಧಾನವಾಗಿ ಏರಿ ಇಳಿಯುವ ವೋಲ್ಟೇಜು ಮಾತ್ರ. ಅದನ್ನು ಸ್ವರಕ್ಕೆ ಕೊಟ್ಟರೆ ಸೈರನ್, ಅದನ್ನೇ ಇನ್ನೂ ನಿಧಾನ ಮಾಡಿ ಸದ್ದಿನ ಗಾತ್ರಕ್ಕೆ ಕೊಟ್ಟರೆ ಯಾರೋ ಮಲಗಿ ಉಸಿರಾಡಿದ ಹಾಗೆ. ಅವನು ಅದನ್ನು ಬಹಳ ಹೊತ್ತು ಕೇಳಿ, ಇಷ್ಟು ಹತ್ತಿರದಲ್ಲಿ ಯಾರು ಮಲಗಿದ್ದಾರೆ ಅಂದ. ನಾನು ವೈರು ಕಿತ್ತೆ. ಕಿವಿ ಬಿಸಿಯಾಗಿತ್ತು. ಇನ್ನೊಂದು ಡಬ್ಬಿ ಎರಡು ಸ್ವರಗಳನ್ನು ಒಂದರ ಮೇಲೊಂದು ಬಿಟ್ಟು ಜಗಳ ಹಚ್ಚುತ್ತದೆ. ಕೊನೆಗೆ ಎರಡೂ ಉಳಿಯದೆ ಒಡೆದ ಗಂಟೆಯಂಥ ಮೂರನೇ ಸದ್ದು ಬರುತ್ತದೆ.

“ಇಬ್ರೂ ಸೋತ ಮ್ಯಾಲ ಗಂಟಿ ಬಾರಿಸ್ತದೇನ್ರೀ? ಚಲೋ ಐತಿ ಬಿಡ್ರಿ,” ಅಂದ, ನನ್ನನ್ನೇ ನೋಡುತ್ತ.

ಅವನಿಗೊಂದು ಚಾಳಿ ಇತ್ತು. ಎಡಗೈಯ ಉಳಿದ ಬೆರಳು ಮತ್ತು ಮೋಟು ಬೆರಳುಗಳಲ್ಲಿ ಸಿಕ್ಕಿದ್ದನ್ನೆಲ್ಲ ತಟ್ಟುವುದು. ಕೆಳಗಿನಿಂದ ಮೆಟ್ಟಿಲ ಪೈಪು ಎರಡು ಸಲ ತಟ್ಟಿ, ತಡೆದು, ಒಂದು ಸಲ ತಟ್ಟಿದರೆ ಟೀಗೆ ಬಾ ಅಂತ. ಒಂದು ದಿನ ನಾನು ಹೂಟರಿಗೆ ಹಾಕುವ ಹಿತ್ತಾಳೆಯ ಬಜರ್ ತಟ್ಟೆಯೊಂದನ್ನು ಮೇಜಿಗೆ ಅಂಟಿಸಿದೆ. ಕರೆಂಟ್ ಕೊಟ್ಟರೆ ಕೂಗುವ ಆ ತಟ್ಟೆ, ಬಡಿದರೆ ತಾನೇ ಕರೆಂಟ್ ಕೊಡುತ್ತದೆ. ಹೊರಗಿನ ಸದ್ದಿನ ಏರಿಳಿತವನ್ನು ಹಿಡಿದು ಬೇರೆ ಡಬ್ಬಿಗಳನ್ನು ಕುಣಿಸುವ ಡಬ್ಬಿಗೆ ಅದನ್ನು ಸೇರಿಸಿ, ತಟ್ಟು ಅಂದೆ. ಅವನು ತಟ್ಟಿದ. ಮೆಲ್ಲಗೆ ತಟ್ಟಿದರೆ ಸಣ್ಣ ಗಂಟೆ, ಜೋರಾಗಿ ತಟ್ಟಿದರೆ ದೊಡ್ಡದು. ಇಲ್ಲದ ಬೆರಳಿನ ಬುಡ ತಗುಲಿದ ಕಡೆಯೂ ಸದ್ದು ಹೊಮ್ಮಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡು, ಮತ್ತೆ ಇಟ್ಟು, ಮತ್ತೆ ತಟ್ಟಿ, ಆಮೇಲೆ ಅದೇ ಕೈಯಿಂದ ನನ್ನ ಕೈ ಹಿಡಿದ. ಕೆಳಗೆ ಪ್ರೆಸ್ಸುಗಳು ಬಡಿಯುತ್ತಲೇ ಇದ್ದವು.

ಅವತ್ತು ಅವನು ಒಂದೇ ಒಂದು ಕೇಳಿದ. ಡಬಲ್ ಸದ್ದಿನ ಎರಡನೇ ಪೆಟ್ಟನ್ನು ಹುಟ್ಟಿಸುತ್ತಿದ್ದ ಸಣ್ಣ ಬೋರ್ಡು ಯಾವುದು ಅಂತ. ತೋರಿಸಿದೆ. ಅದು ತನ್ನ ಹತ್ತಿರ ಇರಲಿ, ಆ ಸದ್ದು ಇನ್ನೆಂದೂ ಮಾಡುವುದಿಲ್ಲ ಅಂತ ಮಾತು ಕೊಡು ಅಂದ. ಕೊಟ್ಟೆ. ಬೋರ್ಡನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಚ್ಚಿಕೊಂಡ.

ನನ್ನ ಅಣ್ಣ ಭಾನುಪ್ರಕಾಶನ ವಿಷಯ ಹೇಳದೆ ಇದು ಮುಂದೆ ಹೋಗುವುದಿಲ್ಲ. ಪೀಣ್ಯದ ಅರ್ಧ ಶೆಡ್ಡುಗಳು ನಿಂತಿರುವುದು ನಮ್ಮಂಥವರ ರಾಗಿ ಹೊಲದ ಮೇಲೆ. ಹೊಲ ಹೋದಮೇಲೆ ಅಣ್ಣ ಶೆಡ್ಡುಗಳಿಗೆ ಕಂಟ್ರಾಕ್ಟ್ ಆಳು ಕೊಡುವ ಕೆಲಸ ಹಿಡಿದ. ಮುಷ್ಕರ ಮುರಿಯುವುದೂ ಅದೇ ಕಂಟ್ರಾಕ್ಟಿನಲ್ಲಿ ಸೇರಿತ್ತು. ನನಗೆ ಸೈಕಲ್ ಕಲಿಸಿದವನು ಅವನೇ, ನನ್ನ ಡಿಪ್ಲೊಮಾಗೆ ಅಪ್ಪನ ಹತ್ತಿರ ಜಗಳವಾಡಿದವನೂ ಅವನೇ. ಅವನ ಸೈಕಲ್ ಚೈನಿನ ಏಟು ತಿಂದವರು ನಮ್ಮೂರಲ್ಲಿ ಬೀದಿಗೊಬ್ಬರು ಸಿಗುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ರುದ್ರೇಶ ಒಂದು ಬೇಡಿಕೆ ಮುಂದಿಟ್ಟ. ಪ್ರತಿ ಪ್ರೆಸ್ಸಿಗೂ ಪೆಡಲ್ ಬದಲು ಎರಡು ಬಟನ್ ಹಾಕಬೇಕು, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪೆಟ್ಟು ಬೀಳಬೇಕು, ಸವೆದ ಪಿನ್ನುಗಳನ್ನು ಬದಲಾಯಿಸಬೇಕು. ಕೆಲಸ ನಿಧಾನವಾಗುತ್ತದೆ ಅಂತ ಇರಣ್ಣ ಒಪ್ಪಲಿಲ್ಲ. ಹನ್ನೊಂದು ಜನ ಗೇಟಿನ ಹೊರಗೆ ಟಾರ್ಪಾಲು ಕಟ್ಟಿ ಕೂತರು. ಇರಣ್ಣ ಅಣ್ಣನಿಗೆ ಹೇಳಿ ಕಳಿಸಿದರು.

ಮೊದಲ ವಾರ ಅಣ್ಣನ ಆಳುಗಳು ಜಾಲಹಳ್ಳಿ ಕ್ರಾಸಿನ ಹತ್ತಿರ ರುದ್ರೇಶನಿಗೆ ಹೊಡೆದರು. ಮಾರನೇ ದಿನ ಹರಿದ ತುಟಿ, ಊದಿದ ಕಣ್ಣು ಇಟ್ಟುಕೊಂಡು ಅವನು ಟಾರ್ಪಾಲಿನ ಕೆಳಗೆ ಕೂತಿದ್ದ. ಸ್ಟಾಫ್ ಆದ್ದರಿಂದ ನಾನು ಅವನ ಮುಂದೆಯೇ ಗೇಟು ದಾಟಿ ಒಳಗೆ ಹೋಗಬೇಕು. ಅವನು ಟಾರ್ಪಾಲಿನ ಕಂಬವನ್ನು ಎರಡು ಸಲ ತಟ್ಟಿ, ತಡೆದು, ಒಂದು ಸಲ ತಟ್ಟಿದ. ಕಾಣದವಳ ಹಾಗೆ ಹೋಗಬೇಕಿತ್ತು. ನಾನು ಎಲ್ಲರೆದುರು ನಿಂತು, ಸೆರಗಿನಿಂದ ಅವನ ತುಟಿಯ ರಕ್ತ ಒರೆಸಿದೆ.

ಆ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಹೊಸ್ತಿಲು ದಾಟುವ ಮುಂಚೆಯೇ ಅಣ್ಣ ಜಡೆ ಹಿಡಿದ. ಅಂಗಳದ ತುಂಬ ಎಳೆದಾಡಿದ. ನಾನು ಸುಮ್ಮನೆ ಏಟು ತಿನ್ನುವವಳಲ್ಲ, ಕೈಗೆ ಸಿಕ್ಕ ಹಿತ್ತಾಳೆ ಚೊಂಬಿನಿಂದ ಅವನ ಹಣೆ ಒಡೆದೆ. ರಕ್ತ ಅವನ ಹುಬ್ಬಿನಿಂದ ನನ್ನ ಮುಖದ ಮೇಲೆ ತೊಟ್ಟಿಕ್ಕಿತು. ಅಮ್ಮ ಮುನಿಯಕ್ಕ ನಡುವೆ ಬಂದು ಇಬ್ಬರ ಮೇಲೂ ನೀರು ಸುರಿದಳು.

“ಅವ್ನು ಯಾವ ಕೈಯಾಗೆ ನಿನ್ನ ಮುಟ್ಟವ್ನೆ?” ಅಣ್ಣ ಹಣೆ ಒತ್ತಿ ಹಿಡಿದು ಕೇಳಿದ. “ಎಡಗೈ ಆಗ್ಲೇ ಓಗೈತೆ. ಬಲಗೈನೂ ಅಂಗೇ ಮಾಡಿ ಕಳಿಸ್ತೀನಿ ನೋಡ್ತಾ ಇರು.”

ಅಣ್ಣ ಆಡಿದ್ದನ್ನು ಮಾಡದೆ ಬಿಟ್ಟವನಲ್ಲ. ಅವತ್ತಿನಿಂದ ನನಗೆ ಅನ್ನ ಇಳಿಯಲಿಲ್ಲ. ರಾಮಾಂಜಿನಪ್ಪನ ಕೈಯಲ್ಲಿ ರುದ್ರೇಶನಿಗೆ ಹೇಳಿ ಕಳಿಸಿದೆ, ಸ್ವಲ್ಪ ದಿನ ರಾಣೆಬೆನ್ನೂರಿಗೆ ಹೋಗಿರು ಅಂತ. ಬಟನ್ ಕೂರಿಸಿದ ಮೇಲೆ ಇಬ್ಬರೂ ಒಟ್ಟಿಗೇ ಹೋಗೋಣ ಅಂತ ಉತ್ತರ ಬಂತು. ಪ್ರೀತಿಸುವುದಕ್ಕೆ ಈ ಹಟಮಾರಿ ಪ್ರಾಣಿ ಬಿಟ್ಟು ಬೇರೆ ಯಾರೂ ಸಿಗಲಿಲ್ಲವಲ್ಲ ನನಗೆ ಅಂತ ಅತ್ತೆ.

ಆ ಗುರುವಾರ ಲೇಬರ್ ಆಫೀಸಿನಲ್ಲಿ ಮಾತುಕತೆ ಇತ್ತು. ಇರಣ್ಣ ಹೋದರು, ಟಾರ್ಪಾಲಿನ ಹತ್ತು ಜನರೂ ಹೋದರು. ಜಾಗ ಕಾಯಲು ರುದ್ರೇಶ ಒಬ್ಬನೇ ಉಳಿದ. ಫ್ಯಾಕ್ಟರಿಯಲ್ಲಿ ನಾನೊಬ್ಬಳೇ, ಹಳೇ ಸ್ಟಾಕು ಟೆಸ್ಟ್ ಮಾಡುತ್ತಿದ್ದೆ. ಎರಡೂವರೆಗೆ ನನ್ನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಒಳಗಡೆಯ ಕಿಟಕಿಯಿಂದ ಪ್ರೆಸ್ ಶಾಪು ಕಾಣುತ್ತದೆ. ಅದಕ್ಕೆ ಕಬ್ಬಿಣದ ಸರಳು.

ಮೂರು ಜನ ರುದ್ರೇಶನನ್ನು ಎಳೆದು ತಂದರು. ಹಿಂದೆ ಅಣ್ಣ ಬಂದು ಗೇಟಿಗೂ ಶೆಟರಿಗೂ ಒಳಗಿನಿಂದ ಬೀಗ ಹಾಕಿದ. ರುದ್ರೇಶ ಒಬ್ಬನ ಹೊಟ್ಟೆಗೆ ಒದ್ದ, ಇನ್ನೊಬ್ಬನ ಕಿವಿ ಕಚ್ಚಿದ. ಮೂರನೆಯವನು ನಿಂಗಪ್ಪ, ಎಮ್ಮೆಯಂಥ ಆಳು, ಒಂದು ಕಾಲಕ್ಕೆ ತಾನೂ ಪ್ರೆಸ್ ಆಪರೇಟರ್ ಆಗಿದ್ದವನು, ಒಂದು ಹೆಬ್ಬೆರಳಿನ ತುದಿ ಇಲ್ಲ. ಅವನು ಪೈಪಿನಿಂದ ರುದ್ರೇಶನ ಮೊಣಕಾಲಿಗೆ ಹೊಡೆದ. ರುದ್ರೇಶ ಕುಸಿದ. ಬಿದ್ದವನನ್ನು ಮುಖ ಮೂತಿ ನೋಡದೆ ತುಳಿದರು. ಆಮೇಲೆ ಎತ್ತಿ ಮೂರನೇ ನಂಬರಿನ ಪ್ರೆಸ್ಸಿನ ಮುಂದೆ ನಿಲ್ಲಿಸಿದರು. ಅಣ್ಣ ಸ್ವಿಚ್ ಹಾಕಿದ. ದೊಡ್ಡ ಚಕ್ರ ತಿರುಗತೊಡಗಿತು.

ನಾನು ಸರಳು ಹಿಡಿದು ಕೂಗಿದೆ, ಬೈದೆ, ಕಾಲಿಗೆ ಬೀಳುತ್ತೇನೆ ಅಂದೆ. ಅಣ್ಣ ತಲೆ ಎತ್ತಲಿಲ್ಲ. ಫೋನು ಇದ್ದದ್ದು ಇರಣ್ಣನ ಕೋಣೆಯಲ್ಲಿ. ಬಾಗಿಲಿಗೆ ಸ್ಟೂಲಿನಿಂದ ಬಡಿದೆ, ಸ್ಟೂಲ್ ಮುರಿಯಿತು. ಕೊನೆಗೆ ಓಡಿಹೋಗಿ ಚಾವಣಿಯ ಹಾರ್ನಿಗೆ ಸೈರನ್ ಕೊಟ್ಟೆ. ಏರಿ ಇಳಿಯುವ ಬೆಂಕಿಯ ಸೈರನ್. ಇಡೀ ಕಟ್ಟಡ ನಡುಗಿತು.

ರಸ್ತೆ ಕಡೆಯ ಕಿಟಕಿಯಿಂದ ನೋಡಿದೆ. ಒಬ್ಬನೂ ನಿಲ್ಲಲಿಲ್ಲ. ರಾಮಾಂಜಿನಪ್ಪ ವಾಚು ನೋಡಿ, ಕಿವಿಗೆ ಹಿಡಿದು ಅಲ್ಲಾಡಿಸಿ, ಮುಳ್ಳು ತಿರುಗಿಸಿಕೊಂಡ.

ಕೆಳಗೆ ಅಣ್ಣ ಈಗ ತಲೆ ಎತ್ತಿ ನಕ್ಕ.

“ಮೂರು ಗಂಟೆ ಆಯ್ತೇನಮ್ಮಿ?”

ನಿಂಗಪ್ಪ ರುದ್ರೇಶನ ಬಲಗೈ ಮಣಿಕಟ್ಟು ಹಿಡಿದು ಪ್ರೆಸ್ಸಿನ ಬಾಯಿಗೆ ಚಾಚಿದ. ಉಳಿದಿಬ್ಬರು ಹಿಂದಿನಿಂದ ಹೆಗಲು ಒತ್ತಿದರು. ಅಣ್ಣ ಪೆಡಲ್ ಹತ್ತಿರ ಹೋಗಿ, ಬಟನ್ ಗಿಟನ್ ಮರೆತು ಇವತ್ತೇ ಊರು ಬಿಡುತ್ತೀಯಾ ಅಂತ ಕೇಳಿದ. ರುದ್ರೇಶ ಅವನ ಮುಖಕ್ಕೆ ರಕ್ತ ಉಗಿದ. ಕಿಟಕಿಯಲ್ಲಿದ್ದ ನನ್ನನ್ನು ಒಂದು ಸಲ ನೋಡಿ ಕಣ್ಣು ಮುಚ್ಚಿದ.

ಕೊಟ್ಟ ಮಾತು ನೆನಪಿತ್ತು. ಬೋರ್ಡು ಅವನ ಜೇಬಿನಲ್ಲಿತ್ತು. ಅದಿಲ್ಲದೆ ಎರಡನೇ ಪೆಟ್ಟು ಯಂತ್ರದಿಂದ ಬರುವುದಿಲ್ಲ. ಆದರೆ ಮೇಜಿನ ಮೇಲೆ ಅವನು ತಟ್ಟುತ್ತಿದ್ದ ಹಿತ್ತಾಳೆಯ ತಟ್ಟೆ ಇತ್ತು. ವೈರುಗಳು ತಮ್ಮ ಜಾಗ ತಾವೇ ಹುಡುಕಿಕೊಂಡವು. ಗಂಟೆಯ ಸ್ವರವನ್ನು ಅತಿ ಕೆಳಕ್ಕೆ ಇಳಿಸಿದೆ. ಜಗಳ ಹಚ್ಚುವ ಡಬ್ಬಿಗೆ ಕೊಟ್ಟೆ, ಅದು ಕಬ್ಬಿಣವಾಯಿತು. ತಟ್ಟೆಯ ಏರಿಳಿತವನ್ನು ಸದ್ದಿಗೆ ದಾರಿ ಬಿಡುವ ಡಬ್ಬಿಗೆ ಕಟ್ಟಿ, ಸದ್ದು ಬಂದ ಕೂಡಲೇ ಮುಚ್ಚಿಹೋಗುವ ಹಾಗೆ ತಿರುಪಿದೆ. ಸೈರನ್ ಕಿತ್ತು ಹಾರ್ನಿಗೆ ಇದನ್ನು ಚುಚ್ಚಿದೆ.

ಮುಷ್ಟಿ ಕಟ್ಟಿ ತಟ್ಟೆಯ ಮೇಲೆ ಗುದ್ದಿದೆ. ಒಂದು. ರೆಪ್ಪೆ ಬಡಿಯುವಷ್ಟು ಬಿಟ್ಟು, ಇನ್ನೊಂದು.

ಧಡ್. ಧಡ್.

ನಾಲ್ಕು ಬಾಯಿಯ ಹಾರ್ನಿನಿಂದ ಅದು ಮೂರು ರಸ್ತೆಗೆ ಕೇಳಿಸಿತು. ನಿಂಗಪ್ಪ ರುದ್ರೇಶನ ಕೈ ಬಿಟ್ಟು, ತನ್ನ ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ನಾಲ್ಕು ಹೆಜ್ಜೆ ಹಿಂದೆ ಹಾರಿದ. ಅವನೇನೂ ಯೋಚನೆ ಮಾಡಿ ಹಾಗೆ ಮಾಡಲಿಲ್ಲ. ಹೆಗಲು ಒತ್ತಿದ್ದವರೂ ಬಿಟ್ಟರು. ಅಣ್ಣ ಕೂಡ ಪೆಡಲಿನಿಂದ ದೂರ ಸರಿದು ಪ್ರೆಸ್ಸಿನ ಬಾಯಿಯನ್ನೇ ನೋಡುತ್ತ ನಿಂತ. ನಾನು ಮತ್ತೆ ಗುದ್ದಿದೆ. ತಟ್ಟೆಯ ಅಂಚು ಗೆಣ್ಣು ಸೀಳಿತು. ಮತ್ತೆ ಗುದ್ದಿದೆ.

ಹೊರಗೆ ಒಂದೊಂದೇ ಮೆಷಿನ್ನು ನಿಂತವು. ಇಡೀ ರಸ್ತೆ ನಿಶ್ಶಬ್ದವಾಯಿತು. ಆಮೇಲೆ ಓಡುವ ಕಾಲುಗಳ ಸದ್ದು. ನೂರು ಜನ ಇದ್ದರೋ ಇನ್ನೂರೋ, ಎಲ್ಲರ ಕೈಯಲ್ಲೂ ಬಟ್ಟೆ. ಗೇಟು ಬೀಗ ಹಾಕಿದೆ ಅಂತ ಗೊತ್ತಾದಾಗ ಗೇಟನ್ನೇ ಕಿತ್ತರು. ಕಬ್ಬಿಣದ ಕಂಬದಿಂದ ಶೆಟರ್ ಎಬ್ಬಿಸಿದರು. ಮುಂದೆ ಬಂದವನು ರಾಮಾಂಜಿನಪ್ಪ, ಕೈಯಲ್ಲಿ ಟೀ ಸೋಸುವ ಬಟ್ಟೆ.

ಬೆರಳು ಹುಡುಕಲು ಬಂದವರು ಅಲ್ಲಿ ಕಂಡದ್ದು ತಿರುಗುವ ಚಕ್ರ, ರಕ್ತದಲ್ಲಿ ನೆಂದ ರುದ್ರೇಶ, ನಾಲ್ಕು ಗಟ್ಟಿ ಆಳು. ವಿವರಿಸಿ ಹೇಳಬೇಕಾಗಲಿಲ್ಲ. ಬಟ್ಟೆಗಳು ಬಿದ್ದವು, ಕೈಗೆ ಸ್ಪ್ಯಾನರು ಬಂದವು. ನಿಂಗಪ್ಪನ ಹಲ್ಲು ನೆಲದ ಮೇಲೆ ಉದುರಿದ್ದನ್ನು ಮೇಲಿನಿಂದಲೇ ನೋಡಿದೆ. ಅಣ್ಣನನ್ನು ಪ್ರೆಸ್ಸಿನ ಮೇಲೆ ಅಂಗಾತ ಕೆಡವಿದರು. ಅವನ ಕಾಲರ್ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನನ್ನ ಸೈಕಲ್ಲಿನ ಹಿಂದೆ ಓಡಿಬರುತ್ತಿದ್ದ ಅಣ್ಣ ಅವನು. ಈ ಜನರನ್ನು ಕರೆದವಳು ನಾನೇ.

ರುದ್ರೇಶ ಪ್ರೆಸ್ಸು ಹಿಡಿದುಕೊಂಡು ಎದ್ದ. ಯಾರೋ ಅವನ ಕೈಗೆ ಎರಡಡಿಯ ಸ್ಪ್ಯಾನರ್ ಕೊಟ್ಟರು. ಇನ್ಯಾರೋ ಅಣ್ಣನ ಬಲಗೈಯನ್ನು ಅದೇ ಪ್ರೆಸ್ಸಿನ ಬಾಯಿಯ ಅಂಚಿಗೆ ಒತ್ತಿ ಹಿಡಿದರು. ರುದ್ರೇಶ ಸ್ಪ್ಯಾನರ್ ಎತ್ತಿದ. ಅವನ ಮುಖ ನಾನು ನೋಡಿದ ಮುಖವಾಗಿರಲಿಲ್ಲ.

ಕೂಗಿದರೆ ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು. ಒಡೆದ ಗೆಣ್ಣಿನಿಂದಲೇ ತಟ್ಟೆಯ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದೆ. ತಡೆದೆ. ಇನ್ನೊಂದು ಸಲ ತಟ್ಟಿದೆ.

ಹಾರ್ನಿನಲ್ಲಿ ಅದು ಗುಡುಗಿನ ಹಾಗೆ ಬಂತು, ಆದರೂ ಅದು ಟೀಗೆ ಕರೆಯುವ ಅದೇ ತಾಳ. ಇಡೀ ಪೀಣ್ಯದಲ್ಲಿ ಅದರ ಅರ್ಥ ಗೊತ್ತಿದ್ದವನು ಒಬ್ಬನೇ. ಅವನು ತಲೆ ಎತ್ತಿದ. ನಾನು ಸರಳಿನ ಹಿಂದೆ ಕೈಮುಗಿದು ನಿಂತಿದ್ದೆ. ಸ್ಪ್ಯಾನರ್ ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅಣ್ಣನನ್ನು ಹಿಡಿದಿದ್ದವರ ಮೇಲೆ ತಾನೇ ಅಡ್ಡ ಬಿದ್ದು, ಸಾಕು ಬಿಡ್ರಿ ಅಂತ ಬಿಡಿಸಿದ. ಆ ಬಿಡಿಸುವುದರಲ್ಲಿ ಅವನಿಗೂ ಎರಡು ಏಟು ಬಿತ್ತು.

ಪೊಲೀಸರು ಬಂದರು, ಕೇಸಾಯಿತು. ಕಾರ್ಖಾನೆ ಇನ್‌ಸ್ಪೆಕ್ಟರೂ ಬಂದು ಐದೂ ಪ್ರೆಸ್ಸುಗಳಿಗೆ ಸೀಲು ಹಾಕಿದರು. ಬಟನ್ ಕೂರಿಸುವ ತನಕ ಅದನ್ನು ತೆಗೆಯಲಿಲ್ಲ. ಅಣ್ಣನ ಭುಜ ಕೂಡಿತು, ಆದರೆ ಅವನು ನನ್ನ ಜೊತೆ ಮಾತಾಡಲಿಲ್ಲ, ಇವತ್ತಿಗೂ ಆಡಿಲ್ಲ. ಅಮ್ಮ ಒಂದು ಬ್ಯಾಗಿಗೆ ನನ್ನ ಬಟ್ಟೆ ತುಂಬಿ ಕೊಟ್ಟಳು. ಕೋಳಿ ತಿನ್ನದ ಮನೆಗೆ ಹೋಗ್ತಿದ್ದೀಯ, ಅಡ್ಜಸ್ಟ್ ಮಾಡ್ಕೊ ಅಂದಳು. ಬಾಗಿಲ ತನಕ ಬರಲಿಲ್ಲ.

ಶೈಲಜಾ ಅಕ್ಕನ ಮನೆಯ ಅಂಗಳದಲ್ಲಿ ರುದ್ರೇಶ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಬೆಳಿಗ್ಗೆ ಹತ್ತರ ಬಿಸಿಲು. ಅಕ್ಕ ನನ್ನ ಬ್ಯಾಗು ನೋಡಿ, ಒಳಗೆ ಟೀ ಇಡಲು ಹೋದರು. ನಾನು ಅವನ ಮುಂದೆ ನಿಂತೆ. ಇಷ್ಟೆಲ್ಲ ಆದರೂ ನನಗೆ ಭಯವಿದ್ದದ್ದು ಒಂದೇ ಕಾರಣಕ್ಕೆ. ಮಾಡುವುದಿಲ್ಲ ಅಂತ ಮಾತು ಕೊಟ್ಟ ಸದ್ದನ್ನು ನಾನು ಮಾಡಿದ್ದೆ, ಒಂದು ಸಲವಲ್ಲ, ಹತ್ತು ಸಲ. ಅವನು ಕಣ್ಣು ಮುಚ್ಚಿದ್ದಾಗ, ಅವನ ಕೈ ಒಳಗಿದ್ದಾಗ.

ಮಾತು ಮುರಿದೆ ಅಂತ ಹೇಳಿದೆ. ಬೇಕಾದರೆ ಆ ಸುತ್ತಿಗೆ ಮತ್ತೆ ತಾ, ಐದನೇ ಏಟು ಬಾಕಿ ಇದೆ ಅಂದೆ.

ಅವನು ಬಲಗೈ ಎತ್ತಿ ಬಿಸಿಲಿಗೆ ಹಿಡಿದ. ಮುಂಗೈಯಲ್ಲಿ ನಾನು ಇಟ್ಟ ಸುಟ್ಟ ಗುರುತು, ಹುಣಸೆ ಬೀಜದಷ್ಟು.

“ಮೊದಲ್ನೇ ಸಲ ಆ ಸದ್ದು ಬಂದಾಗ ಕೈ ನೋಡ್ಕೊಂಡೆ, ಎರಡು ಇರ್ಲಿಲ್ಲ,” ಅಂದ. “ಮೊನ್ನೆನೂ ಕಣ್ಣು ಮುಚ್ಚಿದ್ದಾಗ ಬಂತು. ಹೋತು ಅಂದ್ಕೊಂಡೆ. ತೆರೆದು ನೋಡ್ತೀನಿ, ಐದೂ ಅದಾವ. ಎರಡು ವರ್ಷ ಆತು ವೇಣಿ, ನಿದ್ದ್ಯಾಗೂ ಆ ಸದ್ದು ಬರ್ತಿತ್ತು, ಪ್ರತಿ ಸಲ ಕೈ ತಗೊಂಡ್ ಹೋಗ್ತಿತ್ತು. ಈಗ ಬಂದ್ರ, ನೀ ಗುದ್ದಾಕತ್ತೀ ಅಂತ ಅನಸ್ತದ.”

ಜೇಬಿನ ಗುಂಡಿ ಬಿಚ್ಚಿ ಆ ಸಣ್ಣ ಬೋರ್ಡು ತೆಗೆದ. ತುಳಿದಾಟದಲ್ಲಿ ಅದು ನಡುವೆ ಬಿರಿದಿತ್ತು. ನನ್ನ ಅಂಗೈಯಲ್ಲಿ ಇಟ್ಟು, ಪಟ್ಟಿ ಸುತ್ತಿದ ನನ್ನ ಗೆಣ್ಣುಗಳನ್ನು ಮೂರು ಬೆರಳಿನ ಕೈಯಿಂದ ಮುಚ್ಚಿದ. ಇದನ್ನು ರಿಪೇರಿ ಮಾಡು, ಹೊಸ ಪ್ಯಾನೆಲ್ ನಾನು ಬಡಿದು ಕೊಡುತ್ತೇನೆ, ಎಷ್ಟು ತೂತು ಬೇಕು ಹೇಳು ಅಂದ.

ನಾನು ಅಳುತ್ತಲೇ ಲೆಕ್ಕ ಹಾಕಿ ಹೇಳಿದೆ. ಅವನು ಕುರ್ಚಿಯ ಕೈ ಮೇಲೆ ಎರಡು ಸಲ ತಟ್ಟಿ, ತಡೆದು, ಒಂದು ಸಲ ತಟ್ಟಿದ. ಒಳಗಿನಿಂದ ಅಕ್ಕ ಟೀ ತಂದರು.